ಅಜ್ಜನ ಕೆಲಸಕ್ಕೆ ಅರ್ಧ ಅಳತೆ ಐತಿ, ಅನುಭವಕ್ಕೆ ಲೆಕ್ಕನ ಇಲ್ಲ

ಹುನ್ನೂರ: ಬ್ಯಾಸಗಿ ಬಂತಂದ್ರ ಜಮಖಂಡಿ ತಾಲ್ಲೂಕಿನ ಊರುಗಳಲ್ಲಿ ಉದ್ಯೋಗ ಖಾತ್ರಿ ಕೆಲಸ ಜೋರಾಗುತ್ತದೆ. ಕೆರೆ ಹೂಳು ತೆಗೆಯುವ ಜಾಗದಲ್ಲೋ, ಹಳ್ಳದ ದಂಡೆಯಲ್ಲೋ ಒಂದು ತಾಸು ನಿಂತು ನೋಡಿದರೆ ಸಾಕು. ಸಲಿಕಿ, ಬುಟ್ಟಿ ಹಿಡಿದವರಲ್ಲಿ ಹುಡುಗರು ಕಡಿಮೆ. ಕೈಕಾಲು ಗಟ್ಟಿ ಇರುವವರು ಕಬ್ಬು ಕಡಿಯುವ ಗ್ಯಾಂಗಿಗೆ, ರಬಕವಿ–ಬನಹಟ್ಟಿಯ ಮಗ್ಗಕ್ಕೆ, ಇಲ್ಲವೇ ಗೋವಾ, ಮಹಾರಾಷ್ಟ್ರದ ಕಡೆ ಹೋಗುತ್ತಾರೆ. ಊರಲ್ಲಿ ಉಳಿದು ಸರ್ಕಾರಿ ಕೆಲಸಕ್ಕೆ ಬರುವವರಲ್ಲಿ ಹೆಣ್ಣುಮಕ್ಕಳು ಮತ್ತು 60 ದಾಟಿದ ಹಿರಿಯರು ಎದ್ದು ಕಾಣುತ್ತಾರೆ.

ಊರ ಕೆರೆ, ಗಾಯರಾಣ, ಹಳ್ಳ, ಸ್ಮಶಾನ, ರಸ್ತೆ ಬದಿಯ ಗಿಡ. ಇವೆಲ್ಲ ಸಾರ್ವಜನಿಕ ಆಸ್ತಿ. ಇವುಗಳ ಮ್ಯಾಲೆ ಸರ್ಕಾರದ ಹಣ ಖರ್ಚಾಗುವ ದೊಡ್ಡ ದಾರಿ ಎಂದರೆ ಉದ್ಯೋಗ ಖಾತ್ರಿ. ಆ ದಾರಿಯಲ್ಲಿ ಹಿರಿಯರಿಗೆ ಈಗ ಇರುವ ಜಾಗ ಯಾವುದು, ಮುಂದೆ ಉಳಿಯುವುದೇ ಎಂಬ ಪ್ರಶ್ನೆ ಈಗ ಎದ್ದಿದೆ. ಕಾರಣ, ಕಾಯ್ದೆಯೇ ಬದಲಾಗಿದೆ.

ಈಗಿರುವ ನಿಯಮ ಏನು?

2005ರ ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ, ಅಂದರೆ ನರೇಗಾ, 18 ತುಂಬಿದ ಯಾರಿಗೇ ಆದರೂ ಕೆಲಸ ಕೇಳುವ ಹಕ್ಕು ಕೊಟ್ಟಿತು. ಮ್ಯಾಲಿನ ವಯಸ್ಸಿಗೆ ಮಿತಿ ಇಟ್ಟಿರಲಿಲ್ಲ. 65 ಆಗಿರಲಿ, 70 ಆಗಿರಲಿ, ಮಾಡ್ತೀನಿ ಅಂದವರಿಗೆ ಇಲ್ಲ ಅನ್ನುವಂತಿರಲಿಲ್ಲ.

ಕರ್ನಾಟಕ ಇದಕ್ಕೆ ಇನ್ನೊಂದು ಅನುಕೂಲ ಸೇರಿಸಿತು. 60 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಕೆಲಸದ ಅಳತೆಯಲ್ಲಿ ಶೇ. 50ರಷ್ಟು ರಿಯಾಯಿತಿ. ಬೇರೆಯವರು ದಿನಕ್ಕೆ ಎಷ್ಟು ಮಣ್ಣು ಅಗೆಯಬೇಕೋ, ಅದರ ಅರ್ಧ ಅಗೆದರೂ ಇವರಿಗೆ ಪೂರ್ತಿ ಕೂಲಿ. 2025–26ರಲ್ಲಿ ರಾಜ್ಯದ ದಿನಗೂಲಿ ₹370. ಅದಕ್ಕೂ ಹಿಂದಿನ ವರ್ಷ ₹349 ಇತ್ತು.

ಇದು ದೊಡ್ಡ ಅನುಕೂಲವೇ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ಸಿಗುವುದು ತಿಂಗಳಿಗೆ ₹1,200, ವರ್ಷಕ್ಕೆ ₹14,400. ಅದೇ ಹಿರಿಯರು 100 ದಿನ ಖಾತ್ರಿ ಕೆಲಸ ಮಾಡಿದರೆ ₹37,000. ಮಗ ಬೇರೆ ಆಗಿ, ಅಜ್ಜ–ಅಜ್ಜಿ ಇಬ್ಬರೇ ಇರುವ ಮನೆಯಲ್ಲಿ ಈ ಹಣದಿಂದಲೇ ಔಷಧ, ಕಿರಾಣಿ, ಮೊಮ್ಮಗಳ ಉಡಿ ತುಂಬೋ ಖರ್ಚು ಎಲ್ಲ ನಡೆಯುತ್ತದೆ.

ಆದರೆ ಒಂದು ತೊಡಕು ಮೊದಲಿಂದಲೂ ಐತಿ. 100 ದಿನ ಎಂಬುದು ತಲೆಗೆ ಅಲ್ಲ, ಜಾಬ್ ಕಾರ್ಡ್ ಇರುವ ಕುಟುಂಬಕ್ಕೆ. ಮಗ–ಸೊಸೆಯ ಕಾರ್ಡಿನಲ್ಲೇ ಹಿರಿಯರ ಹೆಸರೂ ಇದ್ದರೆ, ಅಜ್ಜ ಮಾಡಿದ ದಿನ ಸೊಸೆಯ ದಿನದಲ್ಲಿ ಕಳೆಯುತ್ತದೆ. ಅದಕ್ಕೆ ಕೂಡಿ ಇರುವ ಮನೆಯಲ್ಲಿ ಹಿರಿಯರೇ ಹಿಂದೆ ಸರಿಯುವುದು ಸಾಮಾನ್ಯ.

ಹೊಸ ಕಾಯ್ದೆ, ಹೊಸ ಲೆಕ್ಕ

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ಒಪ್ಪಿತು. ಸುದ್ದಿಯಲ್ಲಿ ಅದಕ್ಕೆ ವಿಬಿ–ಜಿ ರಾಮ್ ಜಿ ಅಂತಾರೆ. ಕೆಲಸದ ದಿನ 100ರಿಂದ 125ಕ್ಕೆ ಏರಿದೆ. 2025–26ರ ಕೂಲಿ ಹಿಡಿದರೆ ಕುಟುಂಬಕ್ಕೆ ₹37,000 ಇದ್ದದ್ದು ₹46,250 ಆಗಬೇಕು. ಕೇಳಲಿಕ್ಕೆ ಚಲೋ ಐತಿ. ಆದರೆ ಹಿರಿಯರ ಮಟ್ಟಿಗೆ ಎರಡು ಬದಲಾವಣೆಗಳನ್ನು ಸೂಕ್ಷ್ಮವಾಗಿ ನೋಡಬೇಕು.

ಒಂದು, ಹಣ ಯಾರು ಕೊಡಬೇಕು ಎಂಬುದು. ನರೇಗಾದಲ್ಲಿ ಕೂಲಿಯ ಹಣ ಪೂರ್ತಿ ಕೇಂದ್ರದ್ದು. ಹೊಸ ಕಾಯ್ದೆಯಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರ ಶೇ. 60, ರಾಜ್ಯ ಶೇ. 40. ಪ್ರತಿ ರಾಜ್ಯಕ್ಕೆ ಇಷ್ಟು ಎಂದು ಕೇಂದ್ರವೇ ಗೊತ್ತು ಮಾಡುತ್ತದೆ. ಅದನ್ನು ಮೀರಿದರೆ ಹೆಚ್ಚಿನ ಖರ್ಚು ರಾಜ್ಯದ್ದೇ.

ಈಗ ಅರ್ಧ ಅಳತೆಯ ರಿಯಾಯಿತಿಯನ್ನು ಈ ಲೆಕ್ಕಕ್ಕೆ ಹಚ್ಚಿ ನೋಡ್ರಿ. ಆ ರಿಯಾಯಿತಿ ಕೊಟ್ಟದ್ದು ರಾಜ್ಯ, ಕೂಲಿ ಕೊಟ್ಟದ್ದು ಕೇಂದ್ರ. ರಾಜ್ಯದ ಬೊಕ್ಕಸಕ್ಕೆ ಅದರಿಂದ ಭಾರ ಬಿದ್ದಿರಲಿಲ್ಲ. ಇನ್ನು ಮುಂದೆ ₹370ರಲ್ಲಿ ₹148 ರಾಜ್ಯದ ಕಿಸೆಯಿಂದ ಹೋಗಬೇಕು. ಒಬ್ಬ ಹಿರಿಯರ 100 ದಿನಕ್ಕೆ ₹14,800. ಕೈ ಬಿಗಿಯಾದ ವರ್ಷ ಬಂದರೆ, ಪೂರ್ತಿ ಕೂಲಿ ಕೊಟ್ಟು ಅರ್ಧ ಕೆಲಸ ಯಾಕ ತಗೊಳ್ಳಬೇಕು ಎಂಬ ಮಾತು ಕಡತದಲ್ಲಿ ಬರೋದು ದೂರ ಇಲ್ಲ. ಯಾರೂ ಆದೇಶ ಹೊರಡಿಸಿ ಹಿರಿಯರನ್ನು ಬಿಡಿಸಬೇಕಿಲ್ಲ. ಕೆಲಸ ಹಂಚುವಾಗ ಅವರ ಹೆಸರು ಕೆಳಗೆ ಸರಿದರೆ ಸಾಕು.

ಎರಡು, ಬಿಡುವಿನ ದಿನಗಳು. ಬಿತ್ತಿಗೆ, ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನದವರೆಗೆ ಖಾತ್ರಿ ಕೆಲಸ ನಿಲ್ಲಿಸಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ಹೊಲದ ಕೆಲಸಕ್ಕೆ ಆಳು ಸಿಗಲಿ ಎಂಬುದು ಅದರ ಹಿಂದಿನ ವಿಚಾರ. ರೈತರ ಕಡೆಯಿಂದ ನೋಡಿದರೆ ಇದು ತಪ್ಪಲ್ಲ. ಕೂಲಿಯಾಳು ಸಿಗದೆ ಕಬ್ಬು ಹೊಲದಲ್ಲೇ ಒಣಗಿದ ಗೋಳು ಈ ಭಾಗದಲ್ಲಿ ಹೊಸದಲ್ಲ. ಆದರೆ 65ರ ಅಜ್ಜನನ್ನು ಯಾವ ಗ್ಯಾಂಗ್ ಕಬ್ಬು ಕಡಿಯಲಿಕ್ಕೆ ಕರೀತದ? ಟ್ರ್ಯಾಕ್ಟರಿಗೆ ಲೋಡು ಹೇರಲಿಕ್ಕೆ ಯಾರು ತಗೊಂತಾರ? ಗಟ್ಟಿ ಆಳಿಗೆ ಆ 60 ದಿನ ಸುಗ್ಗಿ. ಹಿರಿಯರಿಗೆ ಅಷ್ಟೂ ದಿನ ಕೆಲಸವೇ ಇಲ್ಲ.

ಹೊಸ ಕಾಯ್ದೆಗೆ ರಾಜ್ಯ ಸರ್ಕಾರ ಬಲವಾಗಿ ವಿರೋಧ ಮಾಡಿದೆ. ಕೇಂದ್ರ–ರಾಜ್ಯದ ಜಗಳ ಏನೇ ಇರಲಿ, ಕಾಯ್ದೆ ಜಾರಿಗೆ ಬಂದ 6 ತಿಂಗಳೊಳಗೆ ಪ್ರತಿ ರಾಜ್ಯ ತನ್ನ ಯೋಜನೆಯನ್ನು ಬರೆದು ಪ್ರಕಟಿಸಬೇಕು. ಹಿರಿಯರ ಅರ್ಧ ಅಳತೆ ಉಳಿಯಬೇಕಾದರೆ ಆ ಯೋಜನೆಯೊಳಗೇ ಅದು ಬರಬೇಕು.

ಅಂಗಡಿಕಾರರಿಗೂ ಇದು ಸಂಬಂಧ

ಕೂಲಿ ಹಣ ಎಲ್ಲಿಗೆ ಹೋಗ್ತದ ಅಂತ ಕೇಳಿದರೆ ಉತ್ತರ ಊರ ಪ್ಯಾಟಿಯಲ್ಲೇ ಸಿಗುತ್ತದೆ. ಹಿರಿಯರು ಆ ಹಣ ತಗೊಂಡು ದೂರದ ಮಾಲ್‌ಗೆ ಹೋಗುವುದಿಲ್ಲ. ಕಿರಾಣಿ ಅಂಗಡಿ, ಔಷಧ ಅಂಗಡಿ, ಸಂತಿಯ ಕಾಯಿಪಲ್ಲೆ, ಚಹಾದ ಅಂಗಡಿ. ಒಂದು ಪಂಚಾಯಿತಿಯಲ್ಲಿ 50 ಹಿರಿಯರು 100 ದಿನ ಕೆಲಸ ಮಾಡಿದರು ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ ₹18.5 ಲಕ್ಷ ಊರೊಳಗೇ ತಿರುಗುತ್ತದೆ.

ಕೂಲಿ ತಡವಾದರೆ ಏನಾಗ್ತದ ಅನ್ನೋದೂ ಅಂಗಡಿಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉದ್ರಿ ಪುಸ್ತಕ ತೆಗೆದರೆ ಗೊತ್ತಾಗುತ್ತದೆ. 15 ದಿನದಲ್ಲಿ ಬರಬೇಕಾದ ಕೂಲಿ ತಿಂಗಳುಗಟ್ಟಲೆ ಎಳೆದಾಗ ಅದರ ಭಾರ ಕಡೆಗೆ ಉದ್ರಿ ಕೊಟ್ಟವರ ಮೇಲೇ ಬೀಳುತ್ತದೆ. ಕೇಂದ್ರ–ರಾಜ್ಯ ಇಬ್ಬರೂ ಹಣ ಹಾಕಬೇಕಾದ ವ್ಯವಸ್ಥೆಯಲ್ಲಿ ಒಬ್ಬರು ತಡ ಮಾಡಿದರೂ ಕೂಲಿ ನಿಲ್ಲುತ್ತದೆ ಎಂಬ ಚಿಂತೆ ಅದಕ್ಕೇ.

ಬಾಂದಗಲ್ಲು ಎಲ್ಲಿತ್ತು, ಯಾರಿಗೆ ಗೊತ್ತು?

ಕೂಲಿಯ ಮಾತು ಇಷ್ಟಾಯಿತು. ಅದಕ್ಕಿಂತ ದೊಡ್ಡ ಪ್ರಶ್ನೆ, ಹಿರಿಯರಿಂದ ಯಾವ ಕೆಲಸ ತಗೊಳ್ಳಬೇಕು ಎಂಬುದು.

ಗಾಯರಾಣದ ಉದಾಹರಣೆ ನೋಡೋಣ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಬಿಡಬೇಕು. ಕಾಗದದಲ್ಲಿ ಜಮೀನು ಇರುತ್ತದೆ. ಜಾಗಕ್ಕೆ ಹೋದರೆ ಅರ್ಧ ಕಬ್ಬು, ಅರ್ಧ ಜಾಲಿ. ಸರ್ಕಾರಿ ಜಮೀನು ಒತ್ತುವರಿ ಆಗದಂತೆ ನೋಡಲು ಕಂದಾಯ ಇಲಾಖೆ ಲ್ಯಾಂಡ್ ಬೀಟ್ ಆ್ಯಪ್ ತಂದಿದೆ. ಗ್ರಾಮ ಆಡಳಿತ ಅಧಿಕಾರಿ ಜಾಗಕ್ಕೇ ಹೋಗಿ ಸ್ಥಿತಿ ದಾಖಲು ಮಾಡಬೇಕು. ವ್ಯವಸ್ಥೆ ಒಳ್ಳೆಯದೇ. ಆದರೆ ಆ ಅಧಿಕಾರಿಗೆ ಹಲವು ಊರು ಕೈಯಲ್ಲಿ, ಮ್ಯಾಲೆ ವರ್ಗಾವಣೆ. ಫೋನು ನಕಾಶೆ ತೋರಿಸುತ್ತದೆ. ಹಳ್ಳ ಮೊದಲು ಎಲ್ಲಿ ಹರೀತಿತ್ತು, ಬಾಂದಗಲ್ಲು ಯಾರ ಕಾಲದಲ್ಲಿ ಯಾವ ಬದುವಿನೊಳಗೆ ಸೇರಿತು, ಬಂಡಿದಾರಿ ಎಷ್ಟು ಅಗಲ ಇತ್ತು ಎಂಬುದನ್ನು ಫೋನು ಹೇಳುವುದಿಲ್ಲ. ಊರಲ್ಲಿ ನಾಲ್ಕು ಮಂದಿ ಹಿರಿಯರಿಗೆ ಅದು ಗೊತ್ತಿರುತ್ತದೆ.

ಹಿಂದೆ ಈ ಕಾವಲು ಕೆಲಸ ವಾಲಿಕಾರ, ತಳವಾರರ ಮನೆತನಗಳ ಮೇಲೆ ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ಹುಟ್ಟಿದ ಮನೆತನ ನೋಡಿ ಚಾಕರಿ ಹೇರುವ ಪದ್ಧತಿ ಹೋದದ್ದು ನ್ಯಾಯವೇ. ಆದರೆ ಊರ ಸೀಮೆಯನ್ನು ದಿನಾ ಕಾಲ್ನಡಿಗೆಯಲ್ಲಿ ನೋಡಿ ಬರುವ ಕೆಲಸವೂ ಅದರ ಜೊತೆ ಹೋಯಿತು. ಆ ಜಾಗಕ್ಕೆ ಸಂಬಳ ಕೊಟ್ಟು ಬೇರೆ ಯಾರನ್ನೂ ಸರಿಯಾಗಿ ಕೂರಿಸಲಿಲ್ಲ.

ನೀರಿನ ವಿಷಯವೂ ಹಾಗೇ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ಜಮಖಂಡಿ, ಮುಧೋಳ ಭಾಗದ ನದಿದಂಡೆಯ ಊರುಗಳು ನೀರಲ್ಲಿ ನಿಂತವು. ಯಾವ ಹಳ್ಳ ಮುಚ್ಚಿದ್ದರಿಂದ ನೀರು ಓಣಿಗೆ ನುಗ್ಗಿತು, ಮೊದಲು ಅದು ಯಾವ ದಾರಿ ಹಿಡಿದು ಹೋಗುತ್ತಿತ್ತು ಎಂಬುದು ನೋಡಿದವರಿಗೇ ಗೊತ್ತು. ಕಾಲುವೆ ನೀರು ಹೆಚ್ಚಾಗಿ, ಬಸಿಗಾಲುವೆ ಮುಚ್ಚಿ, ಚಲೋ ಎರಿ ಭೂಮಿ ಸವಳು–ಜವಳು ಆದದ್ದಕ್ಕೂ ಸಾಕ್ಷಿ ಅವರೇ. ಬೀಳಗಿ, ಮುಧೋಳ ತಾಲ್ಲೂಕಿಗೆ ಹಬ್ಬಿರುವ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮದ ಅಂಚಿನ ಊರುಗಳಲ್ಲಿ ಕುರಿ ಕಾಯ್ದು ವಯಸ್ಸಾದವರಿಗೆ ಯಾವ ಮಡ್ಡಿಗೆ ಯಾವಾಗ ಬೆಂಕಿ ಬೀಳ್ತದ ಎಂಬುದೂ ಗೊತ್ತು.

ಇಂಥವರ ಕೈಗೆ ಸರ್ಕಾರ ಕೊಟ್ಟದ್ದು ಬುಟ್ಟಿ. ಅದೂ ಅರ್ಧ ಬುಟ್ಟಿ.

ಬ್ಯಾರೇಜ್ ಕಟ್ಟಿದ ಕೈಗಳು

ಜಮಖಂಡಿ ಸೀಮೆಯ ಮಂದಿಗೆ ಸಾರ್ವಜನಿಕ ಕೆಲಸ ಯಾರೂ ಕಲಿಸಬೇಕಿಲ್ಲ. ಸರ್ಕಾರದ ದಾರಿ ಕಾಯದೆ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ಶ್ರಮಬಿಂದು ಸಾಗರ ಎಂಬ ಹೆಸರೇ ಅದರ ಕಥೆ ಹೇಳುತ್ತದೆ. ಮುಂದೆ ನಿಂತ ಸಿದ್ದು ನ್ಯಾಮಗೌಡರು ಬ್ಯಾರೇಜ್ ಸಿದ್ದು ಎಂದೇ ಹೆಸರಾಗಿ, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಅವರು 2018ರಲ್ಲಿ ತೀರಿಕೊಂಡರು.

ಆ ಕೆಲಸದಲ್ಲಿ 25–30ರ ಹರೆಯದಲ್ಲಿ ಕೈ ಹಚ್ಚಿದವರು ಈಗ 60 ದಾಟಿದ್ದಾರೆ. ನದಿಗೆ ಅಡ್ಡ ಗೋಡೆ ಎಬ್ಬಿಸಿದ ತಲೆಮಾರು ಇಂದು ಹಾಜರಿ ಪಟ್ಟಿಯಲ್ಲಿ ರಿಯಾಯಿತಿ ಪಡೆದ ಕೂಲಿಕಾರ ಅಷ್ಟೇ. ಕೆರೆ ಕೆಲಸದ ಕ್ರಿಯಾಯೋಜನೆ ಮಾಡುವಾಗ ಅವರನ್ನು ಕರೆದು ಕೇಳಬೇಕೆಂಬ ಕಡ್ಡಾಯ ಎಲ್ಲೂ ಕಾಣುವುದಿಲ್ಲ.

ಬೇರೆ ಕಡೆ ಮಾಡಿ ತೋರಿಸ್ಯಾರ

ಅನುಭವಕ್ಕೆ ಕೂಲಿ ಕೊಡೋದು ಆಗದ ಮಾತಲ್ಲ. ಬಿಹಾರದ ತಿರ್ಹುತ್ ವಿಭಾಗದಲ್ಲಿ 2009ರಲ್ಲಿ ಆಯುಕ್ತರಾಗಿದ್ದ, ಕರ್ನಾಟಕ ಮೂಲದ ಐಎಎಸ್ ಅಧಿಕಾರಿ ಎಸ್.ಎಂ. ರಾಜು ಇದೇ ಖಾತ್ರಿ ಹಣದಲ್ಲಿ ಗಿಡ ಹಚ್ಚುವ ದೊಡ್ಡ ಕೆಲಸ ನಡೆಸಿದರು. ನಾಲ್ಕು ಕುಟುಂಬದ ಒಂದು ಗುಂಪಿಗೆ 200 ಸಸಿ, ಮೂರು ವರ್ಷ ಕಾಯುವ ಹೊಣೆ. ವಯಸ್ಸಾದವರು, ವಿಧವೆಯರು, ಅಂಗವಿಕಲರಿಗೆ ಮೊದಲ ಆದ್ಯತೆ. ಶೇ. 90ರಷ್ಟು ಸಸಿ ಬದುಕಿದರೆ ಪೂರ್ತಿ ಕೂಲಿ, ಕಡಿಮೆ ಆದರೆ ಕೂಲಿಯೂ ಕಡಿಮೆ. ಅಲ್ಲಿ ಅಳತೆ ಎಷ್ಟು ಅಗೆದರು ಎಂಬುದಾಗಿರಲಿಲ್ಲ. ಎಷ್ಟು ಉಳಿಸಿದರು ಎಂಬುದಾಗಿತ್ತು. ನೀರು ಹಾಕಿ, ಆಡು ಓಡಿಸಿ, ಬೇಲಿ ಸರಿ ಮಾಡೋ ಕೆಲಸಕ್ಕೆ 65ರ ಅಜ್ಜಿ ಅರ್ಧ ಕೆಲಸಗಾರಳಲ್ಲ. ಹುಡುಗರಿಗಿಂತ ಆಕಿನ ಚಲೋ ಮಾಡ್ತಾಳ.

ಅಮೆರಿಕದಲ್ಲಿ 2008ರ ಕೃಷಿ ಕಾಯ್ದೆ ಇದಕ್ಕೆ ಬೇರೆ ದಾರಿ ಮಾಡಿತು. 55 ದಾಟಿದ ಅನುಭವಿಗಳನ್ನು ಸಂಘ–ಸಂಸ್ಥೆಗಳ ಮೂಲಕ, ಸರ್ಕಾರದ ಹಣದಲ್ಲಿ ನೇಮಿಸಿಕೊಂಡು ಮಣ್ಣು–ನೀರು ಸಂರಕ್ಷಣೆಯ ಕಚೇರಿಗಳಿಗೆ ನೆರವಾಗಿ ಕೊಡುವ ವ್ಯವಸ್ಥೆ ಅದು. ತಾಸಿನ ಲೆಕ್ಕದಲ್ಲಿ ಸಂಬಳ. ಇರುವ ನೌಕರರನ್ನು ಬಿಡಿಸಿ ಇವರನ್ನು ಹಾಕುವಂತಿಲ್ಲ ಎಂಬ ಷರತ್ತೂ ಐತಿ. ಅಲ್ಲಿಯ ಪರಿಸ್ಥಿತಿ ಬೇರೆ, ನಮ್ಮದು ಬೇರೆ. ಆದರೆ ವಯಸ್ಸಾದವರಿಂದ ಯಾವ ಕೆಲಸ ತಗೊಳ್ಳಬೇಕು ಎಂದು ಮೊದಲು ಗೊತ್ತು ಮಾಡಿ, ಆಮೇಲೆ ಹಣ ಇಟ್ಟದ್ದು ಗಮನಿಸಬೇಕಾದ್ದು. ನಮ್ಮಲ್ಲಿ ಕೆಲಸ ಎಲ್ಲರಿಗೂ ಒಂದೇ, ವಯಸ್ಸಾದವರಿಗೆ ಅಳತೆ ಮಾತ್ರ ಕಡಿಮೆ.

ಅಡ್ಡಿಗಳೂ ಅದಾವ

ಇದನ್ನು ಒಪ್ಪದವರ ಮಾತಿನಲ್ಲೂ ಹುರುಳಿದೆ. 60 ದಾಟಿದ ಮ್ಯಾಲೆ ಬಿಸಿಲಲ್ಲಿ ನಿಲ್ಲಿಸೋದು ಯಾಕ, ಪಿಂಚಣಿ ಹೆಚ್ಚು ಮಾಡಿ ಕೂರಿಸಬಾರದೇ ಎಂಬುದು ಮೊದಲನೆಯದು. ಕೇಂದ್ರ ತನ್ನ ಪಾಲಿನಿಂದ ವೃದ್ಧಾಪ್ಯ ವೇತನಕ್ಕೆ 60ರಿಂದ 79ರವರಿಗೆ ಕೊಡುವುದು ತಿಂಗಳಿಗೆ ಬರೀ ₹200. ಅದು ಏರಲೇಬೇಕು. ಆದರೆ ದುಡೀತೀನಿ ಅನ್ನುವವರಿಗೆ ಕೆಲಸವೂ ಬೇಕು. ಪಿಂಚಣಿ ಐತಿ ಅಂತ ಕೆಲಸ ಕಸಿಯುವುದು, ಕೆಲಸ ಐತಿ ಅಂತ ಪಿಂಚಣಿ ಏರಿಸದೆ ಇರುವುದು, ಎರಡೂ ಸರಿಯಲ್ಲ.

ಎರಡನೆಯದು ದುರುಪಯೋಗದ ಭಯ. ಕೆಲಸ ಜೆಸಿಬಿಯದು, ಹೆಸರು ಅಜ್ಜನದು, ಹಣ ಇನ್ನ್ಯಾರದೋ. ಇಂಥ ದೂರು ರಾಜ್ಯದ ಹಲವು ಕಡೆ ಕೇಳಿಬಂದಿದೆ. ಕಾವಲು, ನಿರ್ವಹಣೆಯ ಕೆಲಸಕ್ಕೆ ಮಣ್ಣಿನ ಗುಂಡಿಯಂಥ ಅಳತೆ ಇಲ್ಲದ್ದರಿಂದ ಭಯ ಇನ್ನೂ ಹೆಚ್ಚು. ಅದಕ್ಕೆ ಬಿಹಾರದ ಲೆಕ್ಕವೇ ಉತ್ತರ. ಗಿಡ ಎಷ್ಟು ಉಳಿದವು, ಬಸಿಗಾಲುವೆ ಹರಿತದೋ ಇಲ್ಲೋ, ಬಾಂದಗಲ್ಲು ಜಾಗದಲ್ಲಿ ಐತೋ ಇಲ್ಲೋ. ಇದನ್ನು ಊರವರೇ ಎಣಿಸಬಹುದು.

ಮೂರನೆಯದು ತಂತ್ರಜ್ಞಾನದ ಕಿರಿಕಿರಿ. 2023ರ ಜನವರಿಯಿಂದ ಹಾಜರಿಗೆ ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ಫೋಟೊ ಕಡ್ಡಾಯ. ಅರ್ಧ ಅಳತೆ ಮುಗಿಸಿದ ಹಿರಿಯರೂ ಎರಡನೇ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕು. ಹಾಗಾದರೆ ಕೆಲಸ ಅರ್ಧ ಆಯ್ತೇ ಹೊರತು ದಿನ ಅರ್ಧ ಆಗಲಿಲ್ಲ. 2024ರ ಜನವರಿಯಿಂದ ಕೂಲಿ ಆಧಾರ್ ಮೂಲಕವೇ ಬರುತ್ತದೆ. ಮಗ್ಗ, ಗುದ್ದಲಿ ಹಿಡಿದು ಹೆಬ್ಬೆರಳಿನ ಗೆರೆ ಸವೆದವರಿಗೆ ಬ್ಯಾಂಕ್ ಮಿತ್ರರ ಯಂತ್ರದ ಮುಂದೆ ಕೈ ಒರೆಸಿ ಒರೆಸಿ ಒತ್ತುವುದೇ ಇನ್ನೊಂದು ಕೂಲಿ.

ಗ್ರಾಮಸಭೆಯಲ್ಲಿ ಏನು ಕೇಳಬೇಕು?

ರಾಜ್ಯದ ಹೊಸ ಯೋಜನೆ ಬೆಂಗಳೂರಿನಲ್ಲಿ ಬರೆಯಲಾಗುತ್ತದೆ. ಆದರೆ ಯಾವ ಊರಲ್ಲಿ ಯಾವ ಕೆಲಸ ಎಂಬುದು ಗ್ರಾಮಸಭೆ, ಪಂಚಾಯಿತಿಯಿಂದಲೇ ಮ್ಯಾಲೆ ಹೋಗಬೇಕು. ಹುನ್ನೂರಿನಂಥ ಊರುಗಳಲ್ಲಿ ನಾಲ್ಕು ಮಾತನ್ನು ಠರಾವಿನಲ್ಲಿ ಬರೆಸುವುದು ಕಷ್ಟವಲ್ಲ.

ಮೊದಲನೆಯದು, 60 ದಾಟಿದವರಿಗೆ ಅರ್ಧ ಅಳತೆಗೆ ಪೂರ್ತಿ ಕೂಲಿ ಎಂಬ ನಿಯಮ ಹೊಸ ಯೋಜನೆಯಲ್ಲೂ ಬರಹದಲ್ಲಿ ಇರಬೇಕು.

ಎರಡನೆಯದು, ಗಿಡ ಕಾಯುವುದು, ಬಸಿಗಾಲುವೆ ನೋಡುವುದು, ಕೆರೆ ಒಡ್ಡಿನ ಬಿರುಕು ಪತ್ತೆ ಮಾಡುವಂಥ ಹಗುರ ಕೆಲಸಗಳ ಪಟ್ಟಿ ಮಾಡಿ ಅದರಲ್ಲಿ ಹಿರಿಯರಿಗೆ ಮೊದಲ ಆದ್ಯತೆ ಕೊಡಬೇಕು.

ಮೂರನೆಯದು, ಬಿಡುವಿನ 60 ದಿನದಿಂದ ಈ ಕೆಲಸಗಳನ್ನು ಹೊರಗಿಡಬೇಕೆಂದು ಪಂಚಾಯಿತಿ ರಾಜ್ಯವನ್ನು ಒತ್ತಾಯಿಸಬೇಕು. ಬ್ಯಾಸಗಿಯಲ್ಲಿ ಹಚ್ಚಿದ ಗಿಡ ಬಿತ್ತಿಗೆ ಮುಗಿಯಲಿ ಅಂತ ನೀರಿಗೆ ಕಾಯುವುದಿಲ್ಲ.

ನಾಲ್ಕನೆಯದು, ಗ್ರಾಮ ಆಡಳಿತ ಅಧಿಕಾರಿ ಸರ್ಕಾರಿ ಜಮೀನು ನೋಡಲು ಬಂದ ದಿನ, ಹದ್ದುಬಸ್ತು ಮಾಡಿಸುವ ದಿನ ಊರ ಇಬ್ಬರು ಹಿರಿಯರು ಜೊತೆ ಇರಬೇಕು. ಅವರಿಗೆ ಆ ದಿನದ ಕೂಲಿಯನ್ನು ಪಂಚಾಯಿತಿ ಕೊಡಬೇಕು.

ಅಲ್ಲಿಯವರೆಗೆ ಕೆಲಸ ಬೇಕಾದ ಹಿರಿಯರು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬಾರದು. ಬರಹದಲ್ಲಿ ಅರ್ಜಿ ಕೊಟ್ಟು ತಾರೀಖು ಹಾಕಿದ ರಸೀದಿ ತಗೊಳ್ಳಬೇಕು. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂಬುದು ಹಳೆಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಐತಿ. ರಸೀದಿ ಇಲ್ಲದಿದ್ದರೆ ಆ ಹಕ್ಕು ಹಾಳೆಯ ಮೇಲಷ್ಟೇ. ಮಕ್ಕಳಿಂದ ಬೇರೆ ಇರುವ ಹಿರಿಯರು ತಮ್ಮದೇ ಜಾಬ್ ಕಾರ್ಡ್ ಕೇಳಬಹುದು.

ಊರ ಗಾಯರಾಣ, ಕೆರೆ, ಹಳ್ಳದ ಗಡಿ ಬಲ್ಲ ಹಿರಿಯರು ವರ್ಷಕ್ಕೊಬ್ಬರಂತೆ ಕಡಿಮೆ ಆಗ್ತಾ ಇದ್ದಾರೆ. ಬಾಂದಗಲ್ಲು ಎಲ್ಲಿತ್ತು ಎಂದು ಅವರನ್ನು ಕರೆದು ತೋರಿಸಿಕೊಳ್ಳಲು 2025–26ರ ಕೂಲಿಯಂತೆ ಒಂದು ದಿನದ ಖರ್ಚು ₹370. ಅವರು ಹೋದ ಮ್ಯಾಲೆ ಅದೇ ಕಲ್ಲು ಹುಡುಕಲು ಸರ್ವೆ, ನೋಟಿಸು, ವಕೀಲರು, ಕೋರ್ಟು.